ಹನ್ನೆರಡರ ಮೇಲೆ ಹೊಲದಲ್ಲಿ ಯಾಕಿರಬೇಕು?

ಭರಣಿ ಮಳೆ ಹುಟ್ಟಿ ಮೂರ್ನಾಲ್ಕು ದಿನವಾಗಿತ್ತು. ಸತ್ತೇಗಾಲದ ಹ್ಯಾಂಡ್‌ಪೋಸ್ಟಿನಲ್ಲಿ ಕೊಳ್ಳೇಗಾಲದ ಬಸ್ಸಿಗೆ ಕಾಯುತ್ತ ಮೂವರು ಮಾತಿಗೆ ಕೂತಿದ್ದರು. ಒಬ್ಬರು ಬಾಳೆ ಬೆಳೆಯುವ ರೈತರು. ಇನ್ನೊಬ್ಬರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದ ಮೇಷ್ಟ್ರು. ಮೂರನೆಯಾಕೆ ಹತ್ತು ಹೆಂಗಸರ ಗುಂಪು ಕಟ್ಟಿಕೊಂಡು ಕೂಲಿಗೆ ಹೋಗುವವರು. ಹೆಸರು ಬೇಡ. ಕೊಳ್ಳೇಗಾಲ, ಹನೂರು, ಯಳಂದೂರು, ಯಾವ ಕಡೆ ಹೋದರೂ ಈ ಮೂವರು ಸಿಗುತ್ತಾರೆ.

ರೈತ: ನಿನ್ನ ಸಾಯಂಕಾಲ ನಾಲ್ಕೂವರೆಗ ಬಂತು ನೋಡಿ ಗಾಳಿ, ಹತ್ತೇ ನಿಮಿಷ. ಏಲಕ್ಕಿ ಬಾಳ. ಇನ್ನೊಂದು ತಿಂಗ್ಳು ತಡದಿದ್ರ ಗೊನ ಕಡೀಬೋದಿತ್ತು. ಅರ್ಧಕ್ಕರ್ಧ ತೋಟ ಮಲಗದ. ಮಳ ಎಷ್ಟು ಬಂತು ಅಂತೀರಿ? ದೂಳು ಅಡಗ್ಲಿಲ್ಲ.

ಮೇಷ್ಟ್ರು: ನಾಳೆ ಪೇಪರಿನಲ್ಲಿ ಬರುತ್ತೆ, ಅಕಾಲಿಕ ಮಳೆ ಗಾಳಿಗೆ ಬಾಳೆ ನಾಶ ಅಂತ. ನನಗೆ ಸಿಟ್ಟು ಬರೋದೇ ಅಲ್ಲಿ. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಹನ್ನೊಂದರ ಆಸುಪಾಸಿಗೆ ಕೃತ್ತಿಕೆ ಅಂತ ನಮ್ಮ ಅಜ್ಜಂದಿರೇ ಲೆಕ್ಕ ಇಟ್ಟಿದ್ದಾರಲ್ಲ. ಅಕಾಲಿಕ ಆಗೋದು ಹೇಗೆ? ಜೂನ್, ಜುಲೈನಲ್ಲಿ ಕೊಡಗಿನಲ್ಲಿ ಹಗಲೂ ರಾತ್ರಿ ಸುರಿದರೂ ನಮಗೆ ಸಿಗೋದು ಮೋಡ ಮತ್ತೆ ಗಾಳಿ. ಘಟ್ಟದ ಮಳೆನೆರಳಿನಲ್ಲಿ ಕೂತಿದ್ದೀವಿ. ನಮ್ಮ ಮಳೆ ಬರೋದೇ ಮೇ ತಿಂಗಳಲ್ಲೊಂದು ಸಲ, ಸೆಪ್ಟೆಂಬರ್-ಅಕ್ಟೋಬರಿನಲ್ಲೊಂದು ಸಲ. ಈ ಬೇಸಿಗೆ ಗುಡುಗುಮಳೆ ಬೇಡ ಅಂದರೆ ಹನೂರಿನ ಕಡೆ ಹೊಲ ಉಳೋದು ಯಾವಾಗ?

ರೈತ: ಅದೂ ದಿಟ. 2023ರಲ್ಲಿ ಮಳ ಕೈಕೊಡ್ತು. ರಾಜ್ಯದಲ್ಲಿ ಇನ್ನೂರು ಚಿಲ್ರ ತಾಲ್ಲೂಕು ಬರ ಅಂದ್ರು.

ಮೇಷ್ಟ್ರು: 236ರಲ್ಲಿ 223. ಮುಂದಿನ ಬೇಸಿಗೆ, 2024ರ ಏಪ್ರಿಲ್ 28ಕ್ಕೆ ಬೆಂಗಳೂರಿನಲ್ಲೇ 38.5 ಡಿಗ್ರಿ. ಆಮೇಲೆ ಮೇ ತಿಂಗಳಲ್ಲಿ ಮಳೆ ಬಂತು, ಬಿರುಗಾಳಿ ಜೊತೆಗೇ ಬಂತು. ವರ್ಷಪೂರ್ತಿ ಬೋರ್‌ವೆಲ್ ಬತ್ತಿಸಿಕೊಂಡು ಉಳಿಸಿದ್ದ ಬಾಳೆಯನ್ನ ಕಾದಿದ್ದ ಮಳೆಯೇ ಮಲಗಿಸ್ತು.

ಕೂಲಿಯವರು: ಬಿಸ್ಲು ಜಾಸ್ತಿ ಆದಷ್ಟೂ ಮಳ ಜೋರಾಗಿ ಬತ್ತದ ಅಂತಾರಲ್ಲ ಮೇಷ್ಟ್ರೇ, ಹೌದಾ? ಮಧ್ಯಾನ ಮೈ ಬೆಂದೋಗೋ ಹಂಗ ಉಬ್ಬೆ ಇತ್ತು ಅಂದ್ರ ಸಂಜಗ ಗುಡುಗು ಗ್ಯಾರಂಟಿ.

ಮೇಷ್ಟ್ರು: ಹೌದು. ಎರಡೂ ಬೇರೆ ಬೇರೆ ಕಷ್ಟ ಅಲ್ಲ, ಒಂದೇ ಕಾರಣದ ಎರಡು ಮುಖ. ನೆಲ ಕಾಯ್ತದೆ, ಅದಕ್ಕೆ ತಾಗಿದ ಗಾಳಿ ಕಾದು ಹಗುರಾಗಿ ಮೇಲೇಳ್ತದೆ. ಏಪ್ರಿಲ್, ಮೇನಲ್ಲಿ ಅರಬ್ಬೀ ಸಮುದ್ರದಿಂದಲೂ ಬಂಗಾಳಕೊಲ್ಲಿಯಿಂದಲೂ ತೇವದ ಗಾಳಿ ಒಳನಾಡಿಗೆ ನುಗ್ಗಿ ಇಲ್ಲಿ ಸೇರ್ತದೆ. ಇತ್ತ ಬಿಳಿಗಿರಿರಂಗನ ಬೆಟ್ಟ, ಅತ್ತ ಮಾದೇಶ್ವರನ ಬೆಟ್ಟ, ಮೇಲೇಳೋ ಗಾಳಿಗೆ ಮೆಟ್ಟಿಲು ಹಾಕಿಕೊಟ್ಟ ಹಾಗೆ. ಅದಕ್ಕೇ ಮೋಡ ಮೊದಲು ಬೆಟ್ಟದ ಮೇಲೆ ಕಟ್ಟೋದು. ಒಂದು ಗಂಟೆಗೆ ಹತ್ತಿಯಷ್ಟಿದ್ದದ್ದು ನಾಲ್ಕು ಗಂಟೆಗೆ ಹನ್ನೆರಡು, ಹದಿನೈದು ಕಿಲೋಮೀಟರ್ ಎತ್ತರಕ್ಕೆ ಬೆಳೆದಿರುತ್ತೆ. ಎವರೆಸ್ಟೇ ಒಂಬತ್ತು ಕಿಲೋಮೀಟರ್ ಇಲ್ಲ.

ರೈತ: ಮೇಲ ಹೋಗೋದು ಸರಿ, ನನ್ ಬಾಳ ಮಲಗಿಸಿದ್ದು ಕೆಳಗ ಬಂದ ಗಾಳಿ.

ಮೇಷ್ಟ್ರು: ಅದನ್ನೇ ಹೇಳೋಕೆ ಹೊರಟಿದ್ದೆ. ಅಷ್ಟು ಎತ್ತರದಿಂದ ಮಳೆ ಬೀಳುವಾಗ ದಾರಿಯಲ್ಲಿ ಒಣಗಾಳಿ ಸಿಕ್ಕಿದರೆ ಹನಿ ಅಲ್ಲೇ ಆವಿ ಆಗಿ, ಗಾಳಿ ತಣ್ಣಗಾಗಿ ಭಾರ ಆಗುತ್ತೆ. ಆ ಭಾರದ ಗಾಳಿ ಕೆಳಕ್ಕೆ ಬಿದ್ದು ನೆಲಕ್ಕೆ ಹೊಡೆದು ನಾಲ್ಕೂ ಕಡೆ ಚೆಲ್ಲುತ್ತೆ. ನಿಮಗೆ ಮಳೆ ಬರಲಿಲ್ಲ, ಗಾಳಿ ಮಾತ್ರ ಬಂತು ಅಂದಿರಲ್ಲ, ಮಳೆ ದಾರಿಯಲ್ಲೇ ಖರ್ಚಾಗಿ ಗಾಳಿಯಾಗಿ ಬಂದಿದೆ. ಇಂಥ ಹೊಡೆತದ ಅಗಲ ಎಷ್ಟೋ ಸಲ ನಾಲ್ಕು ಕಿಲೋಮೀಟರನ್ನೂ ದಾಟೋದಿಲ್ಲ. ಪಕ್ಕದ ಊರಿನಲ್ಲಿ ಎಲೆ ಅಲ್ಲಾಡಿರೋದಿಲ್ಲ. ಇನ್ನೊಂದು ಲೆಕ್ಕ ಇದೆ. ಗಾಳಿಯ ವೇಗ ಎರಡರಷ್ಟಾದರೆ ಅದು ತಳ್ಳೋ ಬಲ ನಾಲ್ಕರಷ್ಟು. ಗಂಟೆಗೆ ಮೂವತ್ತು ಕಿಲೋಮೀಟರ್ ಗಾಳಿಗೆ ಎಲೆ ಹರಿಯುತ್ತೆ ಅಷ್ಟೇ. ಅರವತ್ತಾದರೆ ತಲೆ ಭಾರದ ಗೊನೆ ಹೊತ್ತ ಗಿಡ ನಿಲ್ಲೋದು ಹೇಗೆ? ಬಾಳೆ ಅಂದರೆ ಮರ ಅಲ್ಲ, ಎಲೆಯ ಬುಡಗಳ ಸುತ್ತು. ಬೇರೂ ಮೇಲುಮೇಲಕ್ಕೇ ಇರೋದು.

ರೈತ: ಊರುಗೋಲು ಕೊಟ್ಟಿದ್ದೆ ಅರ್ಧಕ್ಕ. ಕೊಟ್ಟ ಸಾಲೇ ವಸಿ ಉಳಕಂಡದ. ಎಲ್ಲದಕ್ಕೂ ಕೊಡೋಕೆ ಸರ್ವೆ ಗಳ ತರೋರು ಯಾರು, ದುಡ್ಡೆಲ್ಲದ?

ಮೇಷ್ಟ್ರು: ಪರಿಹಾರಕ್ಕೆ ಅರ್ಜಿ ಹಾಕ್ತೀರಾ?

ರೈತ: ಹಾಕ್ತೀನಿ. ಹೋದ ಸಲಾನೂ ಹಾಕಿದ್ದೆ.

ಮೇಷ್ಟ್ರು: ಲೆಕ್ಕ ಮಾಡೋಣ ಬನ್ನಿ. ಕೇಂದ್ರದ 2022-26ರ ವಿಪತ್ತು ಪರಿಹಾರ ನಿಯಮದಲ್ಲಿ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ. ಮಳೆಯಾಶ್ರಿತಕ್ಕೆ 8,500, ಬಹುವಾರ್ಷಿಕಕ್ಕೆ 22,500. ಬೆಳೆ ಶೇಕಡ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿರಬೇಕು, ಎರಡು ಹೆಕ್ಟೇರಿಗೆ ಮಾತ್ರ. 17,000ವನ್ನ ಎಕರೆಗೆ ಇಳಿಸಿದರೆ ಏಳು ಸಾವಿರವೂ ಆಗೋದಿಲ್ಲ. ನೀವು ಆರಡಿಗೆ ಆರಡಿ ನೆಟ್ಟಿದ್ದರೆ ಎಕರೆಗೆ 1,200 ಗಿಡ. ಗಿಡಕ್ಕೆ ಆರು ರೂಪಾಯಿ ಬೀಳಲ್ಲ.

ರೈತ: ಒಂದು ಊರುಗೋಲಿನ ಬೆಲೇನೂ ಅಲ್ಲ!

ಮೇಷ್ಟ್ರು: ಅದಕ್ಕೇ ಗಿಡ ಬಿದ್ದ ಮೇಲೆ ಕೊಡೋ ಆರು ರೂಪಾಯಿಯನ್ನ ಗಿಡ ನಿಂತಿರುವಾಗಲೇ ಗಳಕ್ಕೆ, ತೋಟದ ಪಡುವಣ ಬದುವಿನ ಗಾಳಿತಡೆ ಮರಕ್ಕೆ ಸಹಾಯಧನವಾಗಿ ಕೊಟ್ಟರೆ ಸರ್ಕಾರಕ್ಕೂ ಲಾಭ ಅಂತ ನನ್ನ ಹಟ. ಸಾಧ್ಯವಾದರೆ ಏಪ್ರಿಲ್-ಮೇನಲ್ಲಿ ಗೊನೆ ಭಾರವಾಗಿ ನೇತಾಡದ ಹಾಗೆ ನೆಡೋ ತಿಂಗಳನ್ನೂ ಹಿಂದೆಮುಂದೆ ಮಾಡಬೇಕು.

ರೈತ: ನೆಡೋ ತಿಂಗ್ಳನ್ನ ನಾನು ತೀರ್ಮಾನ ಮಾಡಲ್ಲ ಮೇಷ್ಟ್ರೇ, ನಾಲೆ ನೀರು ತೀರ್ಮಾನ ಮಾಡ್ತದ, ಕಂದು ಸಿಗೋ ಕಾಲ ತೀರ್ಮಾನ ಮಾಡ್ತದ, ಗೌರಿ ಗಣೇಶ, ಆಯುಧಪೂಜೆ ರೇಟು ತೀರ್ಮಾನ ಮಾಡ್ತದ. ಮಾತಲ್ಲಿ ಆಡ್ದಷ್ಟು ಸುಲಭ ಅಲ್ಲ.

(ಇಲ್ಲಿ ಮೇಷ್ಟ್ರು ಸುಮ್ಮನಾದರು. ಸುಮ್ಮನಾಗಬೇಕಾದ್ದೇ. ಇಂಥ ಸಲಹೆಗಳು ಕೃಷಿ ಮೇಳದ ವೇದಿಕೆಯ ಮೇಲೆ ಚೆನ್ನಾಗಿ ಓಡುತ್ತವೆ, ತೋಟದ ಬದುವಿಗೆ ಬಂದರೆ ಮುಗ್ಗರಿಸುತ್ತವೆ.)

ಕೂಲಿಯವರು: ನೀವಿಬ್ರೂ ಬಾಳ ಮಾತೇ ಆಡ್ತಿದ್ದೀರಿ. ಗಾಳಿ ಹತ್ತು ನಿಮಿಷ ಬಂದು ಹೋಯ್ತದ. ಹತ್ತು ಗಂಟೆಯಿಂದ ಐದು ಗಂಟೆಗಂಟ ಕಬ್ಬಿನ ಗದ್ದ ಒಳಗ ತರಗು ಸುಲಿಯೋರ ಕಥ ಕೇಳಿ ವಸಿ. ಕಬ್ಬು ಆಳೆತ್ತರ ಬೆಳದಿರ್ತದ, ಗಾಳಿ ಅನ್ನೋದೇ ಇಲ್ಲ. ಸೀರ ಮೇಲೊಂದು ತುಂಬು ತೋಳಿನ ಶರ್ಟು ಹಾಕ್ಕೋಬೇಕು, ಇಲ್ದಿದ್ರ ಗರಿ ಕುಯ್ದಾಕ್ತದ. ಹೋದ ವಾರ ನಮ್ ಗುಂಪಿನ ಹುಡ್ಗಿ ಏನೇನೋ ಮಾತಾಡಕ್ಕ ಶುರು ಮಾಡ್ತು. ಗಾಳಿ ಸೋಕದ ಅಂದ್ರು ಒಬ್ರು.

ಮೇಷ್ಟ್ರು: ಆಮೇಲೆ?

ಕೂಲಿಯವರು: ಬೋರಿನ ತೊಟ್ಟಿ ಹತ್ರ ಎತ್ಕಂಡು ಹೋಗಿ ತಲ ಮೇಲ ನೀರು ಹುಯ್ದೋ. ಅರ್ಧ ಗಂಟೆ ಆದ ಮೇಲ ಸರಿಹೋಯ್ತು.

ಮೇಷ್ಟ್ರು: ಬದುಕಿಸಿದ್ದೀರಿ. ಬಿಸಿಲಲ್ಲಿ ಕೆಲಸ ಮಾಡೋರು ತೊದಲಿದರೆ, ಅಡ್ಡಾದಿಡ್ಡಿ ಮಾತಾಡಿದರೆ ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿರಬಹುದು. ಮೊದಲು ನೀರು ಸುರಿದು ಮೈ ತಣಿಸಬೇಕು, ಗಾಳಿ ಬೀಸಬೇಕು, ಆಗಲೇ 108ಕ್ಕೆ ಫೋನ್ ಮಾಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ನೀರು, ಮಜ್ಜಿಗೆ ಏನೂ ಹಾಕಬಾರದು, ಶ್ವಾಸಕ್ಕೆ ಹೋಗುತ್ತೆ.

ರೈತ: ಆದ್ರ ನಮ್ ಕಡ ರಾಯಚೂರು, ಕಲಬುರಗಿ ಥರ ಬಿಸ್ಲು ಎಲ್ಲದ? ಅಲ್ಲಿ ಆಫೀಸೇ ಬೆಳಿಗ್ಗೆ ಎಂಟರಿಂದ ಒಂದೂವರೆಗಂತೆ.

ಮೇಷ್ಟ್ರು: ಇದೆ ಆ ಏರ್ಪಾಡು. ಕಲಬುರಗಿ ವಿಭಾಗದ ಜಿಲ್ಲೆಗಳು, ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ನೌಕರರಿಗೆ. ಫ್ಯಾನಿನ ಕೆಳಗೆ ಕೂರೋರಿಗೆ ಸಮಯ ಬದಲಾಯ್ತು, ಹೊಲದಲ್ಲಿರೋರಿಗೆ ಇಲ್ಲ, ಅದು ಬೇರೆ ಮಾತು. ಇನ್ನು ನಮ್ಮ ಕಥೆ. ಹವಾಮಾನ ಇಲಾಖೆಯ ನಿಯಮದ ಪ್ರಕಾರ ಬಯಲು ಸೀಮೆಯಲ್ಲಿ ಉಷ್ಣಾಂಶ 40 ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಜಾಸ್ತಿ ಇರಬೇಕು, ಆಗ ಬಿಸಿಗಾಳಿ ಅಂತ ಘೋಷಣೆ. ಇಲ್ಲವಾದರೆ ನೇರವಾಗಿ 45 ಮುಟ್ಟಬೇಕು. ನಮ್ಮಲ್ಲಿ 36, 38ರಲ್ಲೇ ನಿಂತುಬಿಡುತ್ತೆ. ಹಾಗಾಗಿ ಕಾಗದದ ಮೇಲೆ ಕೊಳ್ಳೇಗಾಲಕ್ಕೆ ಬಿಸಿಗಾಳಿ ಅನ್ನೋದು ಹೆಚ್ಚುಕಡಿಮೆ ಬರೋದೇ ಇಲ್ಲ.

ಕೂಲಿಯವರು: ಮೈಗ ಬತ್ತದಲ್ಲ!

ಮೇಷ್ಟ್ರು: ಬರುತ್ತೆ, ಯಾಕೆ ಅಂದರೆ ಆ 38ನ್ನ ಅಳೆಯೋದು ಗಾಳಿಯಾಡೋ ಬಿಳಿ ಮರದ ಪೆಟ್ಟಿಗೆ ಒಳಗೆ, ನೆರಳಲ್ಲಿ. ಕಬ್ಬಿನ ಗದ್ದೆಯೊಳಗಲ್ಲ. ಇನ್ನೊಂದು, ನಮ್ಮ ಮೈ ತಣ್ಣಗಾಗೋದು ಬೆವರು ಆರಿದರೆ. ರಾಯಚೂರಿನ ಒಣ ಬಿಸಿಲಲ್ಲಿ ಬೆವರು ಬಂದ ಹಾಗೇ ಆರುತ್ತೆ. ಇಲ್ಲಿ ಮಳೆಗೆ ಮುಂಚೆ ಗಾಳಿ ತೇವ ಹೀರಿ ತುಂಬಿರುತ್ತೆ. ಬೆವರು ಇಳಿಯುತ್ತೆ, ಆರೋದಿಲ್ಲ. ಗುಡುಗು ಬರೋ ದಿನದ ಮಧ್ಯಾಹ್ನದ ಉಬ್ಬೆಯೇ ಅಪಾಯ, ಡಿಗ್ರಿ ಕಡಿಮೆ ಇದ್ದರೂ. ಈಗ ನೋಡಿ, ರೇಷ್ಮೆ ಹುಳಕ್ಕೆ ಎಷ್ಟು ಡಿಗ್ರಿ ಬೇಕು?

ರೈತ: ಇಪ್ಪತ್ನಾಲ್ಕರಿಂದ ಇಪ್ಪತ್ತೆಂಟು. ನಮ್ಮಣ್ಣನ ಹುಳುಮನಗ ಬೇಸ್ಗೆ ಬಂದ್ರ ಗೋಣಿತಾಟು ನೆನಸಿ ಕಿಟಕಿಗ ಕಟ್ತಾರ, ಸೂರಿನ ಮೇಲ ತೆಂಗಿನ ಗರಿ ಹೊದಿಸಿ ನೀರು ಚುಮಕಿಸ್ತಾರ. ಮೂವತ್ತು ದಾಟಿದ್ರ ಹುಳ ಸೊಪ್ಪು ಮುಟ್ಟಲ್ಲ.

ಕೂಲಿಯವರು: ಆ ಸೊಪ್ಪು ಕುಯ್ಯೋರು ನಾವು. ಹಿಪ್ಪುನೇರಳೆ ತೋಟ್ದಲ್ಲಿ ನಮ್ಗ ಯಾವ ಗೋಣಿತಾಟು ಕಟ್ಟಿದ್ದೀರಿ?

(ರೈತರು ನಕ್ಕರು, ಆದರೆ ಉತ್ತರ ಕೊಡಲಿಲ್ಲ.)

ಮೇಷ್ಟ್ರು: ಬೇಸಿಗೆ ಬಂದರೆ ಏನು ಕಷ್ಟ ಅಂತ ಈ ಜಾಗಕ್ಕೆ ನೂರು ವರ್ಷದ ಹಿಂದೆಯೇ ಗೊತ್ತಿತ್ತು. ಇಲ್ಲೇ ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟ್ ಹುಟ್ಟಿಸಿ ನೂರೈವತ್ತು ಕಿಲೋಮೀಟರಿನಷ್ಟು ದೂರದ ಕೋಲಾರದ ಚಿನ್ನದ ಗಣಿಗೆ ಒಯ್ದರಲ್ಲ, ಬೇಸಿಗೆಯಲ್ಲಿ ಹೊಳೆ ಇಳಿದರೆ ಗಣಿಗೆ ಕರೆಂಟ್ ಸಾಲುತ್ತಿರಲಿಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾದ್ದಕ್ಕೆ ಅದೂ ಒಂದು ಕಾರಣ. ಯಂತ್ರಕ್ಕೆ ಬೇಸಿಗೆ ತಟ್ಟಿದಾಗ ಅಣೆಕಟ್ಟೆ ಬಂತು. ಮನುಷ್ಯರಿಗೆ ತಟ್ಟಿದಾಗ ಗಡಿಯಾರ ಕೂಡ ಬದಲಾಗಿಲ್ಲ.

ರೈತ: ಸಿಡಿಲಿಗೇನು ಮಾಡ್ತೀರಿ? ಬಿಸ್ಲಿಗ ನೆರಳಿಗ ಹೋಗ್ಬೋದು. ಸಿಡಿಲು ಅನ್ನೋದು ಹಣೇಲಿ ಬರದಿದ್ರ ಬತ್ತದ.

ಮೇಷ್ಟ್ರು: ಬಿಸಿಲಿಗೆ ಹೋದ ಅದೇ ನೆರಳಿಗೆ ಗುಡುಗಿಗೂ ಹೋಗ್ತೀವಿ, ಸಾಯೋದು ಅದಕ್ಕೇ. ಅಪರಾಧ ದಾಖಲೆ ಬ್ಯೂರೋದ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಪ್ರಕೃತಿ ವಿಕೋಪಕ್ಕೆ ಸತ್ತವರು 8,060. ಅದರಲ್ಲಿ ಸಿಡಿಲಿಗೇ 2,887. ಬಿಸಿಲಿಗೆ ಅಂತ ಬರೆದದ್ದು 730. ಸಿಡಿಲಿನ ಸಾವು ಕಣ್ಣಿಗೆ ಕಾಣುತ್ತೆ. ಬಿಸಿಲಿನ ಸಾವು ಎಷ್ಟೋ ಸಲ ಹೃದಯಾಘಾತ ಅಂತ ಸೇರಿಹೋಗುತ್ತೆ, ಅದಕ್ಕೇ ಆ 730ನ್ನ ನಾನು ನಂಬೋದಿಲ್ಲ. ಇಷ್ಟು ಜನ ಸತ್ತರೂ ಕೇಂದ್ರದ ಆ ಪರಿಹಾರ ನಿಯಮದ ಹನ್ನೆರಡು ವಿಪತ್ತುಗಳ ಪಟ್ಟಿಯಲ್ಲಿ ಆಲಿಕಲ್ಲು ಇದೆ, ಹಿಮಕುಸಿತ ಇದೆ, ಸಿಡಿಲೂ ಇಲ್ಲ, ಬಿಸಿಗಾಳಿಯೂ ಇಲ್ಲ. ರಾಜ್ಯಗಳು ತಮ್ಮ ನಿಧಿಯ ಹತ್ತನೇ ಒಂದು ಪಾಲಿನೊಳಗೆ ನೋಡಿಕೊಳ್ಳಬೇಕು. ನಮ್ಮ ರಾಜ್ಯದಲ್ಲಿ ಸಿಡಿಲಿಗೆ ಸತ್ತವರ ಮನೆಯವರಿಗೆ ಐದು ಲಕ್ಷ ಸಿಗುತ್ತೆ.

ಕೂಲಿಯವರು: ಹನೂರು ಕಡ ನಮ್ ತಾಯಿ ಊರು. ಅಲ್ಲಿ ಆಡು ಮೇಯ್ಸೋರು ಹೇಳ್ತಾರ, ಒಂದೇ ಸಿಡಿಲಿಗ ಹುಣಸ ಮರದ ಕೆಳಗಿನ ಮಂದ ಪೂರ್ತಿ ಹೋಯ್ತದಂತ, ಮನ್ಸ ಉಳಕೋತಾನಂತ. ಅದು ಹೆಂಗ?

ಮೇಷ್ಟ್ರು: ಸಿಡಿಲು ಮರಕ್ಕೆ ಹೊಡೆದು ನೆಲಕ್ಕಿಳಿದ ಮೇಲೆ ಬುಡದಿಂದ ಸುತ್ತ ಹರಡುತ್ತೆ. ದೂರ ಹೋದ ಹಾಗೆ ಬಲ ಕಡಿಮೆ. ಆಡಿನ ಮುಂಗಾಲು ಒಂದು ಕಡೆ, ಹಿಂಗಾಲು ಇನ್ನೊಂದು ಕಡೆ. ಎರಡರ ನಡುವಿನ ಬಲದ ವ್ಯತ್ಯಾಸಕ್ಕೆ ಕರೆಂಟು ಒಂದು ಕಾಲಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುತ್ತೆ, ದಾರಿ ಹೃದಯದ ಮೇಲೇ. ಎರಡು ಪಾದ ಜೋಡಿಸಿ ನಿಂತ ಮನುಷ್ಯನಿಗೆ ಆ ವ್ಯತ್ಯಾಸ ಕಡಿಮೆ. ಅದಕ್ಕೇ ಬಯಲಲ್ಲಿ ಸಿಕ್ಕಿಹಾಕಿಕೊಂಡರೆ ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕೂರಬೇಕು, ಮಲಗಬಾರದು ಅನ್ನೋದು. ಆದರೂ ಅದು ಕೊನೇ ಉಪಾಯ. ತಾರಸಿ ಮನೆ, ಬಾಗಿಲು ಮುಚ್ಚಿದ ಬಸ್ಸು, ಕಾರು ಇವೇ ಸರಿಯಾದ ಆಸರೆ. ಟ್ರ್ಯಾಕ್ಟರ್ ಅಲ್ಲ, ಮೋಟರ್ ಪಂಪಿನ ತಗಡಿನ ಗೂಡೂ ಅಲ್ಲ, ತೆಂಗಿನ ಮರವಂತೂ ಅಲ್ಲವೇ ಅಲ್ಲ.

ರೈತ: ನಮ್ಮವ್ವ ಗುಡುಗು ಬಂದ್ರ ಅರ್ಜುನನ ಹೆಸ್ರು ಹೇಳ್ಕೋ ಅನ್ನೋಳು. ಹತ್ತು ಹೆಸ್ರು.

ಮೇಷ್ಟ್ರು: ಹೇಳಿ, ಒಳ್ಳೇದೇ. ಮಿಂಚು ಕಂಡ ತಕ್ಷಣ ಶುರು ಮಾಡಿ, ಹೆಸರಿಗೊಂದು ಸೆಕೆಂಡ್. ಶಬ್ದ ಒಂದು ಕಿಲೋಮೀಟರ್ ಬರೋಕೆ ಮೂರು ಸೆಕೆಂಡ್ ತಗೊಳ್ಳುತ್ತೆ. ಹತ್ತು ಹೆಸರು ಮುಗಿಯೋದರೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು ಮೂರು ಕಿಲೋಮೀಟರಿನೊಳಗೇ ಇದೆ. ಮೂರು ಸುತ್ತು ಮುಗಿಯೋದರೊಳಗೆ ಕೇಳಿದರೂ ಹತ್ತು ಕಿಲೋಮೀಟರಿನೊಳಗೆ ಅಂತ ತಿಳಿದು ಹೊಲ ಬಿಡಬೇಕು. ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗೋವರೆಗೂ ವಾಪಸ್ ಹೋಗಬಾರದು. ಮಳೆ ನಿಂತ ಕೂಡಲೇ ಬಿದ್ದ ಮಾವಿನಕಾಯಿ ಆರಿಸೋಕೆ ಹುಡುಗರು ಓಡ್ತಾರಲ್ಲ, ಅದೇ ಕೆಟ್ಟ ಹೊತ್ತು. ಸಿಡಿಲು ಬಡಿದವರನ್ನ ಮುಟ್ಟಬಾರದು ಅಂತ ದೂರ ನಿಲ್ಲೋದೂ ತಪ್ಪು. ಅವರ ಮೈಯಲ್ಲಿ ಕರೆಂಟ್ ಉಳಿದಿರೋದಿಲ್ಲ. ಉಸಿರು ನಿಂತಿದ್ದರೆ ಎದೆ ಒತ್ತಬೇಕು, ಎಷ್ಟೋ ಜನ ಬದುಕ್ತಾರೆ.

ಕೂಲಿಯವರು: ಫೋನ್ ಇಟ್ಕೊಂಡಿದ್ರ ಸಿಡಿಲು ಎಳೀತದ ಅಂತ ನಮ್ ಹೆಂಗಸ್ರು ಫೋನ್ ಆರಿಸಿ ಬುಟ್ಟಿ ತಳಕ್ಕ ಹಾಕ್ತಾರ.

ಮೇಷ್ಟ್ರು: ಅಲ್ಲೇ ಕೆಟ್ಟದ್ದು! ಚಾರ್ಜಿಗೆ ಹಾಕಿದ ಫೋನ್ ಹಿಡಿಯಬಾರದು, ಸರಿ. ಕೈಯಲ್ಲಿರೋ ಮೊಬೈಲ್ ಸಿಡಿಲು ಎಳೆಯೋದಿಲ್ಲ. ಎಚ್ಚರಿಕೆ ಬರೋದೇ ಅದಕ್ಕೆ. ಪುಣೆಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಇದೆ, ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಸಿಡಿಲು ಆ್ಯಪ್ ಇದೆ. ಅರ್ಧ, ಮುಕ್ಕಾಲು ಗಂಟೆ ಮುಂಚೆ ಹೇಳ್ತವೆ. ಸ್ಮಾರ್ಟ್‌ಫೋನ್ ಇಲ್ಲದಿದ್ದರೆ ಅದೇ ಕೇಂದ್ರದ ವರುಣಮಿತ್ರ ಸಹಾಯವಾಣಿ, 92433 45433, ದಿನದ ಇಪ್ಪತ್ನಾಲ್ಕು ಗಂಟೆಯೂ ಕನ್ನಡದಲ್ಲಿ ಕೇಳಬಹುದು. 1988ರಲ್ಲಿ ಬರ ಉಸ್ತುವಾರಿಗೆ ಅಂತ ಶುರುವಾದ ಕೇಂದ್ರ ಅದು. ಈಗ ಪಂಚಾಯ್ತಿಗೊಂದು ಮಳೆಮಾಪಕ, ಹೋಬಳಿಗೊಂದು ಹವಾಮಾನ ಕಂಬ ಇಟ್ಟಿದೆ.

ರೈತ: ಕಂಬ ಹೋಬಳೀಲಿ. ಗಾಳಿ ಬಂದದ್ದು ನನ್ ತೋಟ್ದಲ್ಲಿ. ವಿಮೆ ಕೇಳಕ್ಕೋದ್ರ ಕಂಬದಲ್ಲಿ ಗಾಳಿ ತೋರ್ಸಿಲ್ಲ ಅಂತಾರ. ನೀವೇ ಅಂದ್ರಲ್ಲ ಮೂರ್ನಾಲ್ಕು ಕಿಲೋಮೀಟರ್ ಅಗಲದ ಗಾಳಿ ಅಂತ.

ಮೇಷ್ಟ್ರು: ಅಂದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ವಿಮೆಯವರು ಕೊಡಬೇಕು. ಆದರೆ ಈ ಎಲ್ಲಾ ಮಾತಲ್ಲಿ ಒಂದು ಸಂಗತಿ ಸ್ಪಷ್ಟ ಇದೆ. ಬಿಸಿಲಿನ ಕೆಟ್ಟ ಹೊತ್ತು ಹನ್ನೆರಡರಿಂದ ಮೂರು. ಗುಡುಗಿನ ಕೆಟ್ಟ ಹೊತ್ತು ಹೆಚ್ಚಾಗಿ ಮೂರರಿಂದ ಏಳು. ಎರಡೂ ಹನ್ನೆರಡರ ಮೇಲೇ. ಹನ್ನೆರಡಕ್ಕೆ ಹೊಲ ಬಿಟ್ಟುಬಿಟ್ಟರೆ ಒಂದೇ ಏಟಿಗೆ ಎರಡೂ ಅಪಾಯ ಮುಕ್ಕಾಲುಪಾಲು ತಪ್ಪುತ್ತೆ. ಯುಗಾದಿ ಜಾತ್ರೆಗೆ ಮಾದಪ್ಪನ ಬೆಟ್ಟಕ್ಕೆ ನಡೆಯೋ ಪರಿಸೆ ನೋಡಿಲ್ಲವಾ? ಬೆಳಗಿನ ಜಾವ, ರಾತ್ರಿ ನಡೀತಾರೆ. ಉರಿಬಿಸಿಲಲ್ಲಿ ಕೌದಳ್ಳಿಯಲ್ಲೋ ತಾಳಬೆಟ್ಟದಲ್ಲೋ ಮರದಡಿ ಮಲಗಿರ್ತಾರೆ. ಭಕ್ತಿಗೆ ಗೊತ್ತಿರೋ ವೇಳಾಪಟ್ಟಿ ಕೂಲಿಗೆ ಯಾಕೆ ಗೊತ್ತಿಲ್ಲ?

ರೈತ: ಗೊತ್ತು ಕನ. ಆದ್ರ ಆಳು ಬರೋದೇ ಹತ್ತಕ್ಕ.

ಕೂಲಿಯವರು: ಯಾಕ ಹತ್ತಕ್ಕ ಬತ್ತೀವಿ ಹೇಳಿ? ನಲ್ಲಿ ನೀರು ಏಳಕ್ಕ ಬತ್ತದ. ಡೈರಿಗ ಹಾಲು ಹಾಕ್ಬೇಕು, ಮಕ್ಳಿಗ ಊಟ ಮಾಡಿಡ್ಬೇಕು. ಅವೆಲ್ಲ ಹೆಂಗೋ ಮಾಡ್ಕೋತೀವಿ, ಬೇಸ್ಗೇಲಿ ಮಕ್ಳಿಗ ಸ್ಕೂಲೂ ಇಲ್ಲ. ನಲ್ಲಿ ಹೊತ್ತು ಪಂಚಾಯ್ತಿಯೋರು ಸಂಜಗ ಮಾಡಿದ್ರ ಆಯ್ತು. ಅದಲ್ಲ ಕಷ್ಟ. ಹನ್ನೆರಡಕ್ಕ ಹೋದ್ರ ನೀವು ಅರ್ಧ ಆಳು ಅಂತ ಬರ್ಕೋತೀರಿ.

ರೈತ: ಮೊದ್ಲಿಂದ ಹಂಗೇ ಅಲ್ವಾ? ಮಧ್ಯಾನದ ಮೇಲ ಇಲ್ದಿದ್ರ ಅರ್ಧ ಆಳು. ಮೋಟರಿಗ ತ್ರೀಫೇಸ್ ದಿನಕ್ಕ ಏಳು ಗಂಟೆ, ಅದು ಯಾವ್ ಹೊತ್ತು ಬತ್ತದೋ ಆ ಹೊತ್ತಿಗ ನೀರು ಕಟ್ಟೋಕೆ ಆಳು ಬೇಕು.

ಕೂಲಿಯವರು: ನೀರು ಕಟ್ಟೋನು ಒಬ್ಬ. ನಾವು ಹತ್ತು ಜನ ಯಾಕ? ಲೆಕ್ಕ ಹಾಕಿ. ಹತ್ತರಿಂದ ಐದು ಅಂದ್ರ ಏಳು ಗಂಟೆ. ಊಟದ ಗಂಟೆ ಕಳದ್ರ ಆರು. ಆರರಿಂದ ಹನ್ನೆರಡು ಅಂದ್ರೂ ಆರೇ. ಮಧ್ಯಾನ ಒಂದರ ಮೇಲ ನಾವು ಎಷ್ಟು ಕೆಲ್ಸ ಮಾಡ್ತೀವಿ ಅಂತ ನೀವೇ ನೋಡಿದ್ದೀರಿ. ನೀರು ಕುಡಿಯೋದು, ಕೂರೋದು, ಮೋಡ ನೋಡೋದು. ಬೆಳಿಗ್ಗೆ ತಣ್ಪಿನಲ್ಲಿ ಅದರ ಎರಡರಷ್ಟು ಸಾಲು ಮುಗಿಸ್ತೀವಿ.

ರೈತ: ಒಬ್ನೇ ಮಾಡಿದ್ರ ಪಕ್ಕದ ತೋಟದೋರು ಬೈತಾರ, ರೇಟು ಕೆಡಿಸ್ದ ಅಂತ.

ಕೂಲಿಯವರು: ರೇಟು ಒಂದು ರೂಪಾಯಿ ಜಾಸ್ತಿ ಕೇಳಿಲ್ಲ ನಾವು. ಬಿದ್ದ ಬಾಳ ಕಡಿಯೋಕೆ ನಾಳಗ ಆಳು ಬೇಕು ತಾನೆ? ಆರಕ್ಕ ಗಾಡಿ ಕಳ್ಸಿ, ಹತ್ತು ಜನ ಬತ್ತೀವಿ. ಹನ್ನೆರಡಕ್ಕ ಬಿಡಿ. ಮೇ ಮುಗಿಯೋಗಂಟ ಪೂರ್ತಿ ಆಳು ಅಂತ ಬರ್ಕಳಿ.